ಹಾರ್ವರ್ಡ್ ನ್ಯಾಯಶಾಸ್ತ್ರ ಪುಸ್ತಕಭಂಡಾರದ ಮಹಾಸನ್ನದು

೧

ಪುಸ್ತಕಭಂಡಾರವು ಬೆಳೆಯುವುದು ಎರಡು ಬಗೆಯಿಂದ. ಹೊಸ ಗ್ರಂಥಗಳನ್ನು ಕೊಂಡು, ಇಲ್ಲವೆ ದಾನವಾಗಿ ಪಡೆದು ಸಂಗ್ರಹವನ್ನು ಹೆಚ್ಚಿಸಿಕೊಳ್ಳುವುದು ಒಂದು ಬಗೆ. ಎಂದೋ ಬಂದು ಸೇರಿದ್ದ ವಸ್ತುವಿನ ನಿಜಸ್ವರೂಪವನ್ನು ಅರಿತುಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ವರ್ಷವರ್ಷದ ವರದಿಗಳಲ್ಲಿ ಅದರ ಲೆಕ್ಕ ದೊರೆಯುತ್ತದೆ. ಎರಡನೆಯದಕ್ಕೆ ಲೆಕ್ಕವಿಡುವವರಿಲ್ಲ, ಆದರೆ ವಿದ್ವತ್ತಿನ ದೃಷ್ಟಿಯಿಂದ ನೋಡಿದರೆ ಅದರ ಬೆಲೆ ಮೊದಲನೆಯದಕ್ಕಿಂತ ಕಡಮೆಯಾದುದೇನೂ ಅಲ್ಲ.

ಈ ಮಾತಿಗೆ ಒಳ್ಳೆಯ ನಿದರ್ಶನವೊಂದು ಈಚೆಗೆ ಅಮೆರಿಕಾ ದೇಶದಿಂದ ದೊರೆತಿದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ಪುಸ್ತಕಭಂಡಾರದಲ್ಲಿ ೧೭೨ನೆಯ ಸಂಖ್ಯೆಯ ಹಸ್ತಪ್ರತಿಯೆಂದು ಇರಿಸಿದ್ದ ಒಂದು ಚರ್ಮಪತ್ರವು ಇಂಗ್ಲೆಂಡಿನ ಮಹಾಸನ್ನದಿನ, ಅಂದರೆ ಮ್ಯಾಗ್ನ ಕಾರ್ಟದ, ನಕಲೆಂದು ಸುಮಾರು ಎಂಬತ್ತು ವರ್ಷಗಳ ಕಾಲ ಎಣಿಸಲ್ಪಟ್ಟಿದ್ದಿತು. ಅದು ನಕಲಲ್ಲವೆಂದೂ, ೧೩೦೦ನೆಯ ಇಸವಿಯಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಅಪ್ಪಣೆಯಂತೆ ಹೊರಟ ಮೂಲಪತ್ರಗಳಲ್ಲಿ ಒಂದೆಂದೂ ೨೦೨೫ನೆಯ ಮೇ ೧೫ರಂದು ಪ್ರಕಟವಾಯಿತು. ಈ ವಿಷಯದ ಇತಿಹಾಸವನ್ನೂ, ಅದನ್ನು ನಿರ್ಣಯಿಸಿದ ವಿಧಾನವನ್ನೂ, ಹಸ್ತಪ್ರತಿಗಳೊಡನೆ ವ್ಯವಹರಿಸುವವರಿಗೆ ಅದರಿಂದ ತಿಳಿದುಬರುವ ಅಂಶಗಳನ್ನೂ ವಿವೇಚಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಭಂಡಾರದ ವಿಚಾರ. ಹಾರ್ವರ್ಡಿನ ನ್ಯಾಯಶಾಸ್ತ್ರ ವಿದ್ಯಾಲಯವು ೧೮೧೭ರಲ್ಲಿ ಸ್ಥಾಪಿತವಾಯಿತು. ಮೊದಲ ಹತ್ತು ಹನ್ನೆರಡು ವರ್ಷಗಳಲ್ಲಿ ಅದರ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. ೧೮೨೯ರಲ್ಲಿ ಅಮೆರಿಕಾದ ಅತ್ಯುಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಜೋಸೆಫ್ ಸ್ಟೋರಿಯವರು ಅಲ್ಲಿ ಆಚಾರ್ಯಪದವಿಯನ್ನು ವಹಿಸಿದರು. ಅವರ ಸ್ವಂತ ಗ್ರಂಥಗಳೂ ವಿದ್ಯಾಲಯಕ್ಕೆ ಸೇರಿದವು. ೧೮೩೩ರಲ್ಲಿ ಸ್ಯಾಮ್ಯುಅಲ್ ಲಿವರ್‌ಮೋರ್ ಎಂಬ ನ್ಯಾಯವಾದಿಯ ಮರಣಶಾಸನದಿಂದ ರೋಮನ್ ನ್ಯಾಯಕ್ಕೂ ಯೂರೋಪಿನ ಇತರ ದೇಶಗಳ ನ್ಯಾಯಪದ್ಧತಿಗಳಿಗೂ ಸಂಬಂಧಿಸಿದ ಗ್ರಂಥಗಳು ಬಂದವು.

ಭಂಡಾರದ ಸ್ಥಾನವನ್ನು ಬದಲಾಯಿಸಿದವರು ೧೮೭೦ರಲ್ಲಿ ವಿದ್ಯಾಲಯದ ಮುಖ್ಯಸ್ಥರಾದ ಕ್ರಿಸ್ಟೊಫರ್ ಲ್ಯಾಂಗ್‌ಡೆಲ್. ನ್ಯಾಯವೂ ಒಂದು ಶಾಸ್ತ್ರ. ಅದರ ತತ್ತ್ವಗಳನ್ನು ಪಾಠಹೇಳುವವರ ಬಾಯಿಂದ ಕೇಳಿ ಕಲಿಯುವುದಕ್ಕಿಂತ ಹಿಂದಿನ ತೀರ್ಪುಗಳನ್ನು ನೇರವಾಗಿ ಓದಿ ಅವುಗಳಿಂದ ಎತ್ತಿಕೊಳ್ಳಬೇಕು ಎಂಬುದು ಅವರ ಮತ. ಹಾಗಿದ್ದಲ್ಲಿ ರಸಾಯನಶಾಸ್ತ್ರಜ್ಞನಿಗೆ ಪ್ರಯೋಗಶಾಲೆ ಏನೋ, ನ್ಯಾಯಶಾಸ್ತ್ರಜ್ಞನಿಗೆ ಪುಸ್ತಕಭಂಡಾರವು ಅದೇ ಆಗುತ್ತದೆ. ಈ ಮತದ ಗುಣದೋಷಗಳ ಚರ್ಚೆ ಇಲ್ಲಿ ಅಪ್ರಕೃತ. ಅದರಿಂದ ಭಂಡಾರಕ್ಕೆ ಉಂಟಾದ ಪ್ರಯೋಜನವು ಮಾತ್ರ ನಿರ್ವಿವಾದವಾದುದು. ೧೯೧೧ರಲ್ಲಿ ಸ್ಪೇನಿನ ಒಲಿವಾರ್ಟ್ ಮಾರ್ಕ್ವಿಸನು ಕೂಡಿಸಿದ್ದ ಅಂತರರಾಷ್ಟ್ರೀಯ ನ್ಯಾಯದ ಗ್ರಂಥಸಮೂಹವೂ, ೧೯೧೩ರಲ್ಲಿ ಜಾರ್ಜ್ ಡನ್ ಎಂಬ ಆಂಗ್ಲ ಸಂಗ್ರಾಹಕನ ಪ್ರಾಚೀನ ಆಂಗ್ಲ ನ್ಯಾಯಗ್ರಂಥಗಳೂ ಅಲ್ಲಿಗೆ ಬಂದವು. ಹೀಗೆ ಇಂಗ್ಲೆಂಡಿನ ಹಳೆಯ ನ್ಯಾಯಸಾಹಿತ್ಯವನ್ನು ಕೂಡಿಸುವ ಸಂಪ್ರದಾಯವು ಅಲ್ಲಿ ಮೊದಲೇ ಬೇರೂರಿದ್ದಿತು. ಆದುದರಿಂದ ೧೯೪೬ರಲ್ಲಿ ಮಾಸಿದ ಒಂದು ಚರ್ಮಪತ್ರವನ್ನು ಅವರು ಕೊಂಡದ್ದು ಆಕಸ್ಮಿಕವೆಂದು ಹೇಳಲಾಗದು. ಅದು ದೊಡ್ಡದೊಂದು ಸಂಗ್ರಹಕ್ಕೆ ಸೇರಿದ ಚಿಕ್ಕದೊಂದು ವಸ್ತು ಎಂದು ಎಣಿಸಿಯೇ ಕೊಂಡರು.

೩

ಮಹಾಸನ್ನದೆಂಬುದು ಒಂದೇ ದಿನ ಹುಟ್ಟಿ ಹಾಗೆಯೇ ಉಳಿದುಬಂದ ಪತ್ರವಲ್ಲ. ೧೨೧೫ನೆಯ ಜೂನ್ ತಿಂಗಳಿನಲ್ಲಿ ಥೇಮ್ಸ್ ನದಿಯ ದಡದ ರನ್ನಿಮೀಡ್ ಎಂಬ ಬಯಲಿನಲ್ಲಿ ಜಾನ್ ದೊರೆಯು ತನ್ನ ವಿರುದ್ಧ ಎದ್ದುನಿಂತ ಸಾಮಂತರಿಗೆ ಮಣಿದು ಅದನ್ನು ಮೊದಲು ಕೊಟ್ಟನು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿಯೇ ಮೂರನೆಯ ಇನೊಸೆಂಟ್ ಪೋಪನು ಅದನ್ನು ರದ್ದುಮಾಡಿದನು. ಮರುವರ್ಷ ಜಾನನು ತೀರಿಕೊಳ್ಳಲು, ಒಂಬತ್ತು ವರ್ಷದ ಬಾಲಕನಾದ ಮೂರನೆಯ ಹೆನ್ರಿಯ ಹೆಸರಿನಲ್ಲಿ ರಾಜ್ಯವಾಳಿದವರು ಅದನ್ನು ತಿದ್ದಿ ಪುನಃ ಹೊರಡಿಸಿದರು. ಅರಸನನ್ನು ಇಪ್ಪತ್ತೈದು ಮಂದಿ ಸಾಮಂತರ ಹತೋಟಿಗೆ ಒಳಪಡಿಸುವ ವಿಧಿಯು ಆಗ ಬಿಟ್ಟುಹೋಯಿತು. ೧೨೧೭ರಲ್ಲಿ ಮತ್ತೊಮ್ಮೆ ಹೊರಡಿಸುವಾಗ ಅರಣ್ಯಗಳಿಗೆ ಸಂಬಂಧಿಸಿದ ವಿಧಿಗಳನ್ನು ಬೇರೆಯ ಸನ್ನದಾಗಿ ಮಾಡಿದರು. ಆ ಚಿಕ್ಕ ಸನ್ನದಿನಿಂದ ಬೇರ್ಪಡಿಸಿ ಹೇಳುವುದಕ್ಕಾಗಿಯೇ ಇದಕ್ಕೆ ಮಹಾಸನ್ನದೆಂಬ ಹೆಸರು ಬಂದಿತು. ೧೨೨೫ರಲ್ಲಿ ಅದರ ಪಾಠವು ಬಹುಮಟ್ಟಿಗೆ ನೆಲೆಗೊಂಡಿತು.

ಒಂದನೆಯ ಎಡ್ವರ್ಡನು ಯುದ್ಧಗಳಲ್ಲಿ ಕಾಲಕಳೆದ ದೊರೆ. ಫ್ರಾನ್ಸ್ ಮತ್ತು ಸ್ಕಾಟ್ಲೆಂಡುಗಳೊಡನೆ ಹೋರಾಡಲು ಅವನಿಗೆ ಹಣ ಬೇಕಾಯಿತು. ತೆರಿಗೆಯ ಹೊರೆಯನ್ನು ಹೊತ್ತವರಿಗೆ ಅರಸನ ಮಾತಿನ ಭರವಸೆ ಬೇಕಾಯಿತು. ಇದರ ಫಲವಾಗಿ ೧೨೯೭ರಲ್ಲಿ ತಂದೆಯಾದ ಹೆನ್ರಿಯ ಸನ್ನದನ್ನು ಅವನು ಸ್ಥಿರಪಡಿಸಿದನು. ಆದರೂ ಮನಃಪೂರ್ವಕವಾಗಿ ನಡೆದುಕೊಳ್ಳಲಿಲ್ಲವೆಂದು ಜನರು ದೂರಿದುದರಿಂದ ೧೩೦೦ನೆಯ ಮಾರ್ಚ್ ೨೮ರಂದು ಮತ್ತೊಮ್ಮೆ ಸ್ಥಿರಪಡಿಸಬೇಕಾಯಿತು. ಅರಸನ ಮುದ್ರೆಯೊಡನೆ ಪೂರ್ಣಪಾಠವಾಗಿ ಮಹಾಸನ್ನದು ಹೊರಟದ್ದು ಅದೇ ಕಡೆಯ ಸಲ. ಆಗ ಅದರೊಡನೆ ಮಾಡಿದ ಕಟ್ಟಳೆಗಳಲ್ಲಿ ಎರಡು ನಮ್ಮ ವಿಷಯಕ್ಕೆ ಸಂಬಂಧಪಟ್ಟಿವೆ. ಸನ್ನದನ್ನು ವರ್ಷಕ್ಕೆ ನಾಲ್ಕಾವರ್ತಿ ಪ್ರತಿ ಕೌಂಟಿಯಲ್ಲಿಯೂ ಜನರೆದುರಿಗೆ ಓದಿಸಬೇಕೆಂಬುದು ಒಂದು. ಅದನ್ನು ಮೀರಿದವರ ಮೇಲಣ ದೂರುಗಳನ್ನು ಕೇಳಲು ಪ್ರತಿ ಕೌಂಟಿಯಲ್ಲಿಯೂ ಮೂವರನ್ನು ಆರಿಸಬೇಕೆಂಬುದು ಇನ್ನೊಂದು. ದೊರೆಯ ವಚನವು ರಾಜಧಾನಿಯ ಪೆಟ್ಟಿಗೆಯಲ್ಲಿ ಉಳಿಯದೆ ನಾಡಿನ ಮೂಲೆಮೂಲೆಯಲ್ಲಿ ಕೇಳಿಸಬೇಕೆಂಬ ಇಚ್ಛೆ ಇದರಲ್ಲಿ ಸ್ಪಷ್ಟವಾಗಿದೆ.

ಇದರಿಂದಲೇ ಮೂಲಪತ್ರ ಎಂಬ ಮಾತಿಗೆ ಇಲ್ಲಿ ವಿಶೇಷವಾದ ಅರ್ಥವುಂಟು. ನಮ್ಮ ತಾಮ್ರಶಾಸನಗಳಲ್ಲಿ ದಾನಪಡೆದವನ ಕೈಗೆ ಸೇರಿದ ಹಲಗೆಗಳೇ ಮೂಲ. ಮಹಾಸನ್ನದಿನ ವಿಷಯದಲ್ಲಾದರೋ ಅರಸನ ಕರಣಿಕರು ಒಂದೇ ಪಾಠವನ್ನು ಅನೇಕ ಚರ್ಮಪತ್ರಗಳ ಮೇಲೆ ಬರೆದು, ಒಂದೊಂದಕ್ಕೂ ಮುದ್ರೆಯನ್ನು ಕಟ್ಟಿ, ಬೇರೆಬೇರೆಯ ಸ್ಥಳಗಳಿಗೆ ಕಳುಹಿಸಿದರು. ಇವೆಲ್ಲವೂ ಸಮಾನವಾಗಿ ಮೂಲಗಳೇ. ಇವುಗಳಲ್ಲಿ ಹಿರಿದು ಕಿರಿದು ಎಂಬುದಿಲ್ಲ. ಇವುಗಳಿಂದ ಮುಂದೆ ನ್ಯಾಯವಾದಿಗಳೂ ಮಠಗಳವರೂ ತಮ್ಮ ಉಪಯೋಗಕ್ಕಾಗಿ ಬರೆಯಿಸಿಕೊಂಡವು ನಕಲುಗಳು. ೧೨೧೫ರ ಮೂಲಪತ್ರಗಳಲ್ಲಿ ಈಗ ಉಳಿದಿರುವುವು ನಾಲ್ಕು. ೧೩೦೦ರವು ಆರೆಂದು ತಿಳಿದಿದ್ದಿತು; ಡರ್‌ಹ್ಯಾಮ್ ದೇವಾಲಯ, ಆಕ್ಸ್‌ಫರ್ಡಿನ ಓರಿಯಲ್ ಕಾಲೇಜು, ಫ್ಯಾವರ್‌ಷ್ಯಾಮ್ ಮತ್ತು ಸ್ಯಾಂಡ್‌ವಿಚ್ ಪಟ್ಟಣಗಳು ಇವನ್ನು ಉಳಿಸಿಕೊಂಡು ಬಂದ ಸ್ಥಳಗಳಲ್ಲಿ ಸೇರಿವೆ. ಹಾರ್ವರ್ಡಿನದು ಏಳನೆಯದು.

೪

ಹೀಗಿರಲು ಮೂಲಪತ್ರವೊಂದು ನಕಲೆಂಬ ಹೆಸರನ್ನು ಹೊತ್ತದ್ದು ಹೇಗೆ?

೧೯೪೫ನೆಯ ಡಿಸೆಂಬರಿನಲ್ಲಿ ಲಂಡನ್ನಿನ ಸದ಼ಬಿ ಹರಾಜುಶಾಲೆಯಲ್ಲಿ ಈ ಚರ್ಮಪತ್ರವು ಮಾರಾಟಕ್ಕೆ ಬಂದಿತು. ಅದರ ಕಾಲವನ್ನು ೧೩೨೭ ಎಂದು ಸೂಚಿಸಿದ್ದರು. ನ್ಯಾಯಗ್ರಂಥಗಳ ವ್ಯಾಪಾರಿಗಳಾದ ಸ್ವೀಟ್ ಮತ್ತು ಮ್ಯಾಕ್ಸ್‌ವೆಲ್ ಎಂಬುವರು ಅದನ್ನು ೪೨ ಪೌಂಡುಗಳಿಗೆ ಕೊಂಡು, ಮರುವರ್ಷ ಹಾರ್ವರ್ಡಿಗೆ ೨೭ ಡಾಲರ್ ೫೦ ಸೆಂಟುಗಳಿಗೆ ಮಾರಿದರು. ಕೊಂಡ ಬೆಲೆಗಿಂತಲೂ ಮಾರಿದ ಬೆಲೆ ಬಹಳ ಕಡಮೆಯೆಂಬುದನ್ನು ವಾಚಕರು ಗಮನಿಸಬೇಕು. ಅಲ್ಲಲ್ಲಿ ಉಜ್ಜಿಹೋಗಿ, ತೇವದ ಕಲೆ ಹಿಡಿದಿದ್ದ ನಕಲೆಂಬುದೇ ಎಲ್ಲರ ಎಣಿಕೆಯಾಗಿತ್ತು; ಸೂಚಿಯಲ್ಲಿಯೂ ಹಾಗೆಯೇ ಬರೆದರು.

೧೩೨೭ ಎಂಬ ವರ್ಷವು ಎಲ್ಲಿಂದ ಬಂದಿರಬಹುದೆಂದು ಯೋಚಿಸಿದರೆ ಒಂದು ಸಂಗತಿ ತೋರುತ್ತದೆ. ಇಂಗ್ಲೆಂಡಿನಲ್ಲಿ ೧೨೭೨ರಿಂದ ೧೩೭೭ರವರೆಗೆ ಒಬ್ಬರ ಹಿಂದೆ ಒಬ್ಬರಂತೆ ಎಡ್ವರ್ಡರೆಂಬ ಹೆಸರಿನ ಮೂವರು ದೊರೆಗಳು ಆಳಿದರು. ಮೂರನೆಯವನು ಪಟ್ಟಕ್ಕೆ ಬಂದದ್ದು ೧೩೨೭ರಲ್ಲಿ. ಸನ್ನದಿನಲ್ಲಿ ಮೊದಲನೆಯವನು, ಮೂರನೆಯವನು ಎಂಬ ಎಣಿಕೆ ಇರುವುದಿಲ್ಲ. ಎಡ್ವರ್ಡನೆಂಬ ಹೆಸರೂ, ಬಹುಮಟ್ಟಿಗೆ ಒಂದೇ ಆಗಿರುವ ಬಿರುದುಗಳೂ, ಆಳ್ವಿಕೆಯ ವರ್ಷವೂ ಮಾತ್ರ ಇರುತ್ತವೆ. ಹೊಯ್ಸಳ ಶಾಸನಗಳನ್ನು ಓದುವವರಿಗೆ ಈ ತೊಡಕು ಹೊಸದಲ್ಲ. ಅಲ್ಲಿಯೂ ಮೂವರು ನರಸಿಂಹರು, ಮೂವರು ಬಲ್ಲಾಳರು. ಶಕವರ್ಷವು ಅಳಿಸಿಹೋದೆಡೆಯಲ್ಲಿ ಯಾವನ ಶಾಸನವೆಂದು ನಿರ್ಧರಿಸಲು ಸಂವತ್ಸರ, ಲಿಪಿ, ಅಧಿಕಾರಿಗಳ ಹೆಸರುಗಳು ಇವುಗಳ ನೆರವು ಬೇಕಾಗುತ್ತದೆ. ಹರಾಜುಶಾಲೆಯವರ ತಪ್ಪಿಗೆ ಇದೇ ಕಾರಣವೆಂಬುದು ನನ್ನ ಊಹೆ ಮಾತ್ರ. ಆದರೆ ತಪ್ಪಿನ ಪರಿಣಾಮವು ಊಹೆಯಲ್ಲ. ನಕಲೆಂದು ಸೂಚಿಯಲ್ಲಿ ಬರೆದಮೇಲೆ ಮೂಲಪತ್ರಗಳನ್ನು ಎಣಿಸಿದ ವಿದ್ವಾಂಸರಾರೂ ಅದನ್ನು ನೋಡಲು ಹೋಗಲಿಲ್ಲ. ಅವರ ಪಟ್ಟಿಗಳಲ್ಲಿ ಅದು ಸೇರಲಿಲ್ಲ.

ಇದರಲ್ಲಿ ಕಾಲದ ವಿನೋದವೂ ಒಂದುಂಟು. ೧೨೧೫ರ ಲಿಂಕನ್ ದೇವಾಲಯದ ಮೂಲಪತ್ರವು ೧೯೩೯ರಲ್ಲಿ ನ್ಯೂಯಾರ್ಕಿನ ಲೋಕಪ್ರದರ್ಶನಕ್ಕೆ ಬಂದು, ಮಹಾಯುದ್ಧದ ಕಾರಣದಿಂದ ಅಮೆರಿಕಾದಲ್ಲಿಯೇ ನಿಂತು, ಫೋರ್ಟ್ ನಾಕ್ಸ್ ಕೋಟೆಯಲ್ಲಿ ಕಾವಲಿನಲ್ಲಿದ್ದಿತು. ಯುದ್ಧವು ಮುಗಿದ ಬಳಿಕ ೧೯೪೬ರ ಆರಂಭದಲ್ಲಿ ಅದನ್ನು ಸಕಲ ಮರ್ಯಾದೆಗಳೊಡನೆ ಇಂಗ್ಲೆಂಡಿಗೆ ಹಿಂದಿರುಗಿಸಿದರು. ಅದೇ ವರ್ಷ ಇನ್ನೊಂದು ಮೂಲಪತ್ರವು, ಯಾರ ಅರಿವಿಗೂ ಬಾರದೆ, ಇಪ್ಪತ್ತೇಳೂವರೆ ಡಾಲರಿಗೆ ಅಮೆರಿಕಾವನ್ನು ಸೇರಿತು. ೨೦೦೭ರಲ್ಲಿ ೧೨೯೭ರ ಮೂಲಪತ್ರವೊಂದು ೨ ಕೋಟಿ ೧೩ ಲಕ್ಷ ಡಾಲರುಗಳಿಗೆ ಮಾರಾಟವಾದುದನ್ನು ಇದರೊಡನೆ ಹೋಲಿಸಿ ನೋಡಬಹುದು.

೫

ಈಗ ನಿರ್ಣಯದ ಕಥೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಮಧ್ಯಯುಗದ ಇತಿಹಾಸದ ಆಚಾರ್ಯರಾದ ಡೇವಿಡ್ ಕಾರ್ಪೆಂಟರ್ ಅವರು ಮಹಾಸನ್ನದಿನ ನಕಲುಗಳನ್ನು ಕುರಿತು ವ್ಯಾಸಂಗ ಮಾಡುತ್ತಿದ್ದರು. ೨೦೨೩ನೆಯ ಡಿಸೆಂಬರಿನಲ್ಲಿ, ಹಾರ್ವರ್ಡ್ ಭಂಡಾರದವರು ತಮ್ಮ ಹಸ್ತಪ್ರತಿಗಳ ಚಿತ್ರಗಳನ್ನು ತೆಗೆದು ಜಾಲತಾಣದಲ್ಲಿ ಎಲ್ಲರಿಗೂ ದೊರೆಯುವಂತೆ ಇರಿಸಿದ್ದುದನ್ನು ನೋಡುತ್ತಿರುವಾಗ, ೧೭೨ನೆಯ ಹಸ್ತಪ್ರತಿಯ ಚಿತ್ರವು ಅವರ ಕಣ್ಣಿಗೆ ಬಿದ್ದಿತು. ಅವರು ಹುಡುಕುತ್ತಿದ್ದುದು ನಕಲುಗಳನ್ನು. ಕಂಡದ್ದು ಮೂಲದ ಲಕ್ಷಣಗಳನ್ನು. ಅವರು ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದ ನಿಕೊಲಸ್ ವಿನ್ಸೆಂಟ್ ಅವರೊಡನೆ ಸೇರಿ ಪರೀಕ್ಷೆಗೆ ತೊಡಗಿದರು.

ಪರೀಕ್ಷೆಯು ಮೂರು ನೆಲೆಗಳಲ್ಲಿ ನಡೆಯಿತು. ಮೊದಲನೆಯದು ಗಾತ್ರ. ಪತ್ರದ ಅಳತೆ ೪೮೯ ಮಿಲಿಮೀಟರಿಗೆ ೪೭೩ ಮಿಲಿಮೀಟರು. ಇದು ೧೩೦೦ರ ಉಳಿದ ಆರು ಮೂಲಪತ್ರಗಳ ಅಳತೆಗೆ ಹೊಂದುತ್ತದೆ. ಎರಡನೆಯದು ಬರವಣಿಗೆ. ಎಡ್ವರ್ಡನ ಹೆಸರಿನ ಮೊದಲಕ್ಷರವನ್ನು ದೊಡ್ಡದಾಗಿ ಬರೆದು, ಮೊದಲ ಸಾಲಿನ ಅಕ್ಷರಗಳನ್ನು ಉದ್ದಕ್ಕೆ ಎಳೆದಿರುವ ರೀತಿಯು ಆ ಆರರಲ್ಲಿ ಕಾಣುವಂಥದೇ ಆಗಿದೆ. ಇವೆರಡೂ ಸಂದೇಹವನ್ನು ಹುಟ್ಟಿಸಲು ಸಾಕು, ನಿಶ್ಚಯಿಸಲು ಸಾಲವು. ಒಳ್ಳೆಯ ಲೇಖಕನು ಅಕ್ಷರದ ರೂಪವನ್ನು ಅನುಕರಿಸಬಲ್ಲನು. ಚರ್ಮಪತ್ರವನ್ನು ಬೇಕಾದ ಅಳತೆಗೆ ಕತ್ತರಿಸಿಕೊಳ್ಳಬಲ್ಲನು.

ಮೂರನೆಯದಾದ ಪಾಠಪರೀಕ್ಷೆಯೇ ನಿರ್ಣಾಯಕವಾದುದು. ೧೩೦೦ರಲ್ಲಿ ಹೊರಟ ಪಾಠಕ್ಕೆ ಅದಕ್ಕೇ ಮೀಸಲಾದ ಪದಪ್ರಯೋಗಗಳೂ ಪದಗಳ ಕ್ರಮವೂ ಉಂಟು. ಮೂಲಪತ್ರಗಳನ್ನು ಬರೆದ ಕರಣಿಕರು ಆ ಪಾಠಕ್ಕೆ ಕಟ್ಟುಬಿದ್ದವರು. ಆದರೆ ನಕಲುಗಾರರಿಗೆ ಆ ಕಟ್ಟು ಇರಲಿಲ್ಲ. ಬಳಕೆಗೆಂದು ಬರೆದ ಪ್ರತಿಗಳಲ್ಲಿ ಬೇರೆಬೇರೆಯ ವರ್ಷಗಳ ಪಾಠಗಳು ಒಂದರೊಡನೊಂದು ಬೆರೆತುಹೋಗುವುದು ಸಾಮಾನ್ಯ. ಆದುದರಿಂದ ಕಾರ್ಪೆಂಟರ್ ಅವರು ಆರು ಮೂಲಪತ್ರಗಳ ಪಾಠವನ್ನು ಹೋಲಿಸಿ ೧೩೦೦ರ ಪಾಠದ ಲಕ್ಷಣಗಳನ್ನು ನಿರ್ಧರಿಸಿಕೊಂಡರು. ಆಮೇಲೆ ಹಾರ್ವರ್ಡಿನ ಪತ್ರವನ್ನು ಅದರೊಡನೆ ಒರೆಗೆ ಹಚ್ಚಿದರು. ಅದರಲ್ಲಿ ಬಹುಭಾಗ ಬರಿಗಣ್ಣಿಗೆ ಕಾಣದಷ್ಟು ಮಾಸಿದ್ದಿತು. ಭಂಡಾರದವರು ನೇರಳಾತೀತ ಕಿರಣಗಳಿಂದಲೂ, ಬೆಳಕಿನ ಬೇರೆಬೇರೆಯ ಅಲೆಗಳಲ್ಲಿ ಚಿತ್ರ ತೆಗೆಯುವ ಹೊಸ ವಿಧಾನದಿಂದಲೂ ಮಾಸಿದ ಅಕ್ಷರಗಳನ್ನು ಓದಲು ಬರುವಂತೆ ಮಾಡಿಕೊಟ್ಟರು. ಪಾಠವು ಮೂಲಗಳ ಪಾಠದೊಡನೆ ಹೊಂದಿತು. ಅದರೊಡನೆ ಸಂದೇಹವು ನಿವಾರಣೆಯಾಯಿತು.

ಇಲ್ಲಿ ಉಪಯೋಗಿಸಿದ ಉಪಕರಣಗಳು ಹೊಸವು, ವಿಧಾನವು ಹಳೆಯದೇ. ಪ್ರತಿಗಳನ್ನು ಕೂಡಿಸುವುದು, ಪಾಠಾಂತರಗಳನ್ನು ಗುರುತಿಸುವುದು, ಯಾವ ಪಾಠವು ಯಾವ ಕುಲಕ್ಕೆ ಸೇರಿದುದೆಂದು ತೀರ್ಮಾನಿಸುವುದು—ನಮ್ಮ ಗ್ರಂಥಸಂಪಾದಕರು ಹಳಗನ್ನಡ ಕಾವ್ಯಗಳ ಓಲೆಗಳೊಡನೆ ಮಾಡುತ್ತ ಬಂದಿರುವ ಕೆಲಸವೂ ಇದೇ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರೂ, ಅಲ್ಲವೆಂದು ರೈಸರೂ ವಾದಿಸಿದಾಗಲೂ ಲಿಪಿ, ಭಾಷೆ, ಕಾಲನಿರ್ದೇಶ ಎಂಬ ಸಾಕ್ಷ್ಯಗಳನ್ನೇ ಮುಂದಿಟ್ಟಿದ್ದರು. ಅಲ್ಲಿ ಪ್ರಶ್ನೆ ಇದ್ದುದು ಮೂಲವೆನಿಸಿಕೊಂಡದ್ದು ನಿಜವಾಗಿ ಮೂಲವೇ ಎಂದು. ಇಲ್ಲಿ ನಕಲೆನಿಸಿಕೊಂಡದ್ದು ನಿಜವಾಗಿ ನಕಲೇ ಎಂದು.

ಪತ್ರವು ಯಾರ ಕೈಯಿಂದ ಬಂದಿತೆಂಬುದನ್ನು ವಿನ್ಸೆಂಟ್ ಅವರು ಶೋಧಿಸಿದರು. ೧೯೪೫ರಲ್ಲಿ ಅದನ್ನು ಮಾರಿದವರು ವಿಮಾನಪಡೆಯ ಅಧಿಕಾರಿ ಫಾರ್ಸ್ಟರ್ ಮೇನಾರ್ಡ್. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಮಾಲ್ಟಾ ದ್ವೀಪದ ವಿಮಾನಪಡೆಯನ್ನು ನಡೆಸಿದವರು. ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ೧೭೮೦ರ ದಶಕದಿಂದ ಹೋರಾಡಿದ ಥಾಮಸ್ ಕ್ಲಾರ್ಕ್‌ಸನ್ ಮತ್ತು ಅವನ ತಮ್ಮ ಜಾನ್ ಇವರ ಕಾಗದಪತ್ರಗಳು ಮೇನಾರ್ಡರಿಗೆ ಉತ್ತರಾಧಿಕಾರದಿಂದ ಬಂದಿದ್ದವು. ಇಷ್ಟಕ್ಕೆ ಆಧಾರವಿದೆ. ಇದರಿಂದ ಹಿಂದಕ್ಕೆ ಹೋದರೆ ಊಹೆಯ ಪ್ರಾಂತ. ವೆಸ್ಟ್‌ಮರ್ಲೆಂಡಿನ ಆ್ಯಪಲ್‌ಬಿ ಎಂಬ ಪಟ್ಟಣಕ್ಕೆ ಕಳುಹಿಸಿದ್ದ ಮೂಲಪತ್ರವೊಂದು ಕಾಣೆಯಾಗಿದೆ. ಆ ಪ್ರದೇಶದ ಒಡೆಯರು ಲೌಥರ್ ಮನೆತನದವರು. ಕ್ಲಾರ್ಕ್‌ಸನ್ನನು ಅದರ ಸಮೀಪದ ಸರೋವರಪ್ರಾಂತದಲ್ಲಿ ಕೆಲವು ಕಾಲ ನೆಲಸಿದ್ದನು. ಆದುದರಿಂದ ಲೌಥರನ ಮೂಲಕ ಅದು ಕ್ಲಾರ್ಕ್‌ಸನ್ನನ ಕೈಸೇರಿರಬಹುದೆಂದು ವಿನ್ಸೆಂಟ್ ಅವರು ಸೂಚಿಸುತ್ತಾರೆ. ಸೂಚನೆಯು ಯುಕ್ತವಾಗಿದೆ, ಆದರೆ ಪತ್ರವು ಮೂಲವೆಂಬ ನಿರ್ಣಯಕ್ಕಿರುವ ಬಲವು ಈ ಸೂಚನೆಗೆ ಇಲ್ಲವೆಂಬುದನ್ನು ಮರೆಯಬಾರದು. ಒಂದೇ ವರದಿಯಲ್ಲಿ ಎರಡೂ ಬಂದ ಮಾತ್ರಕ್ಕೆ ಎರಡೂ ಒಂದೇ ತೂಕದವಾಗುವುದಿಲ್ಲ.

೬

ಮಹಾಸನ್ನದಿನ ಪಾಠವು ಎಲ್ಲರಿಗೂ ತಿಳಿದುದೇ. ಆರು ಪತ್ರಗಳಲ್ಲಿ ಇದ್ದುದು ಏಳನೆಯದರಲ್ಲಿಯೂ ಇದ್ದರೆ ಜ್ಞಾನಕ್ಕೆ ಏನು ಹೆಚ್ಚಿತು ಎಂದು ಕೇಳುವವರು ಉಂಟು. ಪ್ರಶ್ನೆಯು ನ್ಯಾಯವಾದುದೇ. ಕೇವಲ ಪಾಠವೇ ಮುಖ್ಯವಾದವರಿಗೆ ಹೆಚ್ಚಾದುದು ಅಲ್ಪ. ಆದರೆ ಸನ್ನದೆಂಬುದು ಪಾಠ ಮಾತ್ರವಲ್ಲ. ಅದು ನಡೆದುಹೋದ ಒಂದು ಕಾರ್ಯ. ಒಡಂಬಟ್ಟ ನ್ಯಾಯವಿಲ್ಲದೆ ಸ್ವತಂತ್ರನಾದವನನ್ನು ಸೆರೆಯಿಡುವುದಿಲ್ಲವೆಂದು ಅರಸನು ಮಾತುಕೊಟ್ಟದ್ದು ಒಂದು ಸಂಗತಿಯಾದರೆ, ಆ ಮಾತು ಎಷ್ಟು ಊರುಗಳಿಗೆ, ಯಾವ ಯಾವ ಜನರಿಗೆ ತಲಪಿತೆಂಬುದು ಇನ್ನೊಂದು. ಎರಡನೆಯದಕ್ಕೆ ಉಳಿದಿರುವ ಮೂಲಪತ್ರಗಳೇ ನೇರವಾದ ಸಾಕ್ಷಿ. ಹೀಗೆ ಹೆಚ್ಚುವ ಒಂದೊಂದು ಪತ್ರದಿಂದಲೂ, ನಾಡಿಗೆಲ್ಲ ಓದಿ ಹೇಳಬೇಕೆಂಬ ೧೩೦೦ರ ಕಟ್ಟಳೆಯು ಬರಿಯ ಮಾತಾಗಿ ಉಳಿಯಲಿಲ್ಲವೆಂಬುದು ಹೆಚ್ಚುಹೆಚ್ಚಾಗಿ ಸ್ಥಿರಪಡುತ್ತದೆ. ೧೨೯೭ರ ಪಾಠದ ಕೆಲವು ವಿಧಿಗಳು ಇಂದಿಗೂ ಇಂಗ್ಲೆಂಡಿನಲ್ಲಿ ಜಾರಿಯಲ್ಲಿವೆಯೆಂಬುದನ್ನು ನೆನೆದರೆ ಈ ಇತಿಹಾಸವು ಬರಿಯ ಕುತೂಹಲದ ವಿಷಯವಲ್ಲವೆಂದು ತಿಳಿಯುತ್ತದೆ.

ಭಂಡಾರಗಳ ಕರ್ತವ್ಯದ ದೃಷ್ಟಿಯಿಂದಲೂ ಇದರಲ್ಲಿ ವಿಚಾರಮಾಡತಕ್ಕ ಅಂಶಗಳಿವೆ. ಹಾರ್ವರ್ಡಿನವರು ಈಚಿನ ದಶಕಗಳಲ್ಲಿ ತಮ್ಮ ಸಂಗ್ರಹವನ್ನು ದೂರದವರಿಗೂ ಒದಗಿಸುವ ದೊಡ್ಡ ಕಾರ್ಯಗಳನ್ನು ಕೈಗೊಂಡಿದ್ದಾರೆ. ೧೯೪೫ರಿಂದ ೧೯೪೯ರವರೆಗೆ ನ್ಯೂರೆಂಬರ್ಗಿನಲ್ಲಿ ನಡೆದ ಹದಿಮೂರು ವಿಚಾರಣೆಗಳ ಕಾಗದಪತ್ರಗಳು ಅಲ್ಲಿವೆ. ಕೈಯಿಂದ ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿದ್ದ ಅವುಗಳ ಚಿತ್ರಗಳನ್ನು ೨೦೦೩ರಿಂದ ಹಂತಹಂತವಾಗಿ ಪ್ರಕಟಿಸಿದರು. ಅಮೆರಿಕಾದ ನ್ಯಾಯಾಲಯಗಳ ಮುದ್ರಿತ ತೀರ್ಪುಗಳ ಸುಮಾರು ೪೦,೦೦೦ ಸಂಪುಟಗಳ ಬೆನ್ನನ್ನು ಕತ್ತರಿಸಿ, ಹಾಳೆಗಳನ್ನು ಯಂತ್ರದ ಮೂಲಕ ಹಾಯಿಸಿ, ೧೬೫೮ರಿಂದೀಚಿನ ಸುಮಾರು ೪ ಕೋಟಿ ಪುಟಗಳನ್ನು ೨೦೧೮ರಲ್ಲಿ ಸಾರ್ವಜನಿಕರ ಉಪಯೋಗಕ್ಕೆ ತಂದರು. ಅದರ ಮೇಲೆ ಉಳಿದಿದ್ದ ವಾಣಿಜ್ಯದ ನಿರ್ಬಂಧಗಳು ೨೦೨೪ರಲ್ಲಿ ತೊಲಗಿದವು. ಹಣಕೊಟ್ಟವರಿಗೆ ಮಾತ್ರ ಸುಲಭವಾಗಿ ದೊರೆಯುತ್ತಿದ್ದ ನ್ಯಾಯದ ಮಾತು ಹೀಗೆ ಎಲ್ಲರಿಗೂ ದೊರೆಯುವಂತಾದುದು ವರ್ಷಕ್ಕೆ ನಾಲ್ಕು ಸಲ ಸನ್ನದನ್ನು ಓದಿಸಿದ ಕಟ್ಟಳೆಗೆ ದೂರದ ನಂಟೆಂದು ಹೇಳಬಹುದು.

ಆದರೂ ಚಿತ್ರಗಳು ತಾವಾಗಿಯೇ ಏನನ್ನೂ ಹೇಳುವುದಿಲ್ಲ. ೧೭೨ನೆಯ ಹಸ್ತಪ್ರತಿಯ ಚಿತ್ರವನ್ನು ಕಾರ್ಪೆಂಟರ್ ಅವರಿಗಿಂತ ಮೊದಲು ನೋಡಿದವರು ಇದ್ದೇ ಇರಬೇಕು. ನೋಡಿದುದು ಏನೆಂದು ಅರಿಯಲು ಆರು ಪತ್ರಗಳ ಪರಿಚಯವು ಅವರಿಗೆ ಇರಲಿಲ್ಲ. ಹಾಗೆಯೇ ಕಾರ್ಪೆಂಟರ್ ಅವರ ವಿದ್ವತ್ತೂ, ಚಿತ್ರವು ಕಣ್ಣಿಗೆ ಬೀಳದಿದ್ದರೆ, ಈ ಪತ್ರದ ವಿಷಯದಲ್ಲಿ ನಿಷ್ಫಲವಾಗುತ್ತಿತ್ತು. ಕೊಂಡಿಟ್ಟವರು, ಕೆಡದಂತೆ ಕಾಪಾಡಿದವರು, ಚಿತ್ರತೆಗೆದು ತೆರೆದಿಟ್ಟವರು, ಓದಬಲ್ಲವರು—ಈ ನಾಲ್ವರೂ ಕೂಡಿದಾಗ ಮಾತ್ರ ಕಾರ್ಯವು ಕೈಗೂಡಿತು.

ಮೈಸೂರಿನ ಓದುಗರಿಗೆ ಇದರಿಂದ ಇನ್ನೊಂದು ಘಟನೆಯ ನೆನಪಾಗದಿರದು. ಮುಂದೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಪ್ರತಿಯೊಂದನ್ನು ಒಪ್ಪಿಸಿದರು. ಅದು ಹೆಸರು ಮಾತ್ರ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ೧೯೦೯ರಲ್ಲಿ ಅದನ್ನು ಪ್ರಕಟಿಸಿದವರು ಆ ಭಂಡಾರದವರೇ ಆದ ಆರ್. ಶಾಮಶಾಸ್ತ್ರಿಗಳು. ಅಲ್ಲಿ ಕಾಯುವವರೂ ಓದಬಲ್ಲವರೂ ಒಬ್ಬರೇ ಆಗಿದ್ದರು. ಆದುದರಿಂದ ಓಲೆಯು ಎಂಬತ್ತು ವರ್ಷ ಕಾಯಬೇಕಾಗಲಿಲ್ಲ. ಎಲ್ಲ ಭಂಡಾರಗಳಿಗೂ ಶಾಮಶಾಸ್ತ್ರಿಗಳಂಥವರು ದೊರೆಯುವುದು ಸಾಧ್ಯವಿಲ್ಲ. ದೊರೆಯದೆಡೆಯಲ್ಲಿ, ಬಾಗಿಲನ್ನು ತೆರೆದಿಟ್ಟು ಹೊರಗಿನ ಕಣ್ಣುಗಳನ್ನು ಬರಮಾಡಿಕೊಳ್ಳುವುದೊಂದೇ ಉಪಾಯ.

ಸೂಚಿಯಲ್ಲಿ ಬರೆದ ವರ್ಣನೆಯು ಆ ದಿನದ ತಿಳಿವಳಿಕೆ. ಅದನ್ನು ಕಡೆಯ ತೀರ್ಪೆಂದು ಭಾವಿಸತಕ್ಕದ್ದಲ್ಲ. ನ್ಯಾಯಾಲಯದ ತೀರ್ಪಿನ ಮೇಲೆಯೇ ಮರುವಿಚಾರಣೆಗೆ ಅವಕಾಶವಿರುವಾಗ, ಸೂಚಿಕಾರನ ಮಾತಿನ ಮೇಲೆ ಅದು ಇಲ್ಲದಿರುವುದಕ್ಕೆ ಕಾರಣವಿಲ್ಲ. ನಮ್ಮ ಮಠಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ಇರುವ ಓಲೆ ಕಡತಗಳ ಸೂಚಿಗಳಲ್ಲಿ ಅಸಮಗ್ರ, ಶಿಥಿಲ, ಪ್ರತಿ ಎಂಬ ಒಂದೊಂದು ಮಾತಿನಿಂದ ವಿಲೇವಾರಿಯಾದ ಕಟ್ಟುಗಳು ಅನೇಕ. ಅವುಗಳಲ್ಲೆಲ್ಲ ನಿಧಿಗಳಿವೆಯೆಂದು ಹೇಳುವುದು ಸಾಹಸವಾದೀತು. ಅವನ್ನು ಇನ್ನೊಮ್ಮೆ ಬಿಚ್ಚಿ ಓದತಕ್ಕದ್ದೆಂದು ಹೇಳಲು ಮಾತ್ರ ಹಾರ್ವರ್ಡಿನ ಈ ಚರ್ಮಪತ್ರದ ಸಾಕ್ಷ್ಯವು ಧಾರಾಳವಾಗಿ ಸಾಕು.